ಹಾಡೋಕೆ ಬರಲ್ಲ, ಕುಡಿಯಲ್ಲ, ನಾನ್-ವೆಜ್ ತಿನ್ನಲ್ಲ, ಆದ್ರೂ ಕೊರಿಯನ್ನರ ಜೊತೆ ನೊರೆಬಾಂಗ್‌ಗೆ ಹೋಗ್ಬೋದಾ?

ಓದುಗರ ಪ್ರಶ್ನೆ: ಆಫೀಸ್ ಕೆಲ್ಸದ ಮೇಲೆ ಮೂರು ತಿಂಗಳು ದಕ್ಷಿಣ ಕೊರಿಯಾದ ಸುವೋನ್‌ಗೆ ಹೋಗ್ತಿದೀನಿ. ಅಲ್ಲಿ ಟೀಮ್ ಊಟ ಆದ್ಮೇಲೆ ಎಲ್ರೂ ಒಂದು ರೂಮ್ ತಗೊಂಡು ಬಾಗ್ಲು ಹಾಕ್ಕೊಂಡು ಕರೋಕೆ ಹಾಡ್ತಾರಂತೆ. ನಂಗೆ ಹಾಡೋಕೆ ಬರಲ್ಲ, ಕುಡಿಯೋ ಅಭ್ಯಾಸ ಇಲ್ಲ, ವೆಜ್ ಬೇರೆ. ಏನಾದ್ರೂ ನೆಪ ಹೇಳಿ ತಪ್ಪಿಸ್ಕೊಳ್ಳೋದೇ ಒಳ್ಳೇದಾ?

ಉತ್ತರ: ನೆಪ ಹೇಳ್ಬೇಡಿ, ಹೋಗಿ. ಕೊರಿಯಾಗೆ ಹೊರಟಿರೋ ನಮ್ಮೋರು ಯಾರೇ ಸಿಕ್ಕಿದ್ರೂ ಚಳಿಗೆ ಯಾವ ಜಾಕೆಟ್ ತಗೊಳ್ಳಲಿ ಅಂತ ಕೇಳಾದ್ಮೇಲೆ ಕೇಳೋದು ಇದನ್ನೇ. ನಾನೂ ಹೋಗೋ ಮುಂಚೆ ಕೇಳಿದ್ದೆ, ಅವಾಗ ಒಬ್ರು ಸೀನಿಯರ್ "ತಲೆನೋವು ಅಂತ ಹೇಳಿ ರೂಮಿಗೆ ಹೋಗ್ಬಿಡಪ್ಪಾ" ಅಂದಿದ್ರು, ಮೊದಲನೇ ಸಲ ಹಂಗೇ ಮಾಡ್ದೆ, ಮಾರನೇ ದಿನ ಬೆಳಿಗ್ಗೆ ಕಾಫಿ ಮಷಿನ್ ಹತ್ರ ಇಡೀ ಟೀಮ್ ರಾತ್ರಿದು ನೆನೆಸ್ಕೊಂಡು ನಗ್ತಿದ್ರೆ ನಾನು ಕಪ್ ಹಿಡ್ಕೊಂಡು ಪಕ್ಕದಲ್ಲಿ ಸುಮ್ನೆ ನಿಂತಿದ್ದೆ. ಎರಡನೇ ಸಲ ಹೋದೆ. ಆಮೇಲೆ ಒಂದು ಸಲನೂ ತಪ್ಪಿಸ್ಲಿಲ್ಲ.

ಮೊದ್ಲು ಹೆಸ್ರು ನೋಡಿ. ನೊರೆ ಅಂದ್ರೆ ನಮ್ಮ ಹಾಲಿನ ನೊರೆ ಅಲ್ಲ, ಕೊರಿಯನ್ ಭಾಷೇಲಿ ಹಾಡು, ಬಾಂಗ್ ಅಂದ್ರೆ ಕೋಣೆ. ಹಾಡಿನ ಕೋಣೆ, ಅಷ್ಟೇ. ಕರೋಕೆ ಹುಟ್ಟಿದ್ದು ಜಪಾನ್‌ನಲ್ಲಿ, ಕೋಬೆ ಊರಿನ ಡೈಸುಕೆ ಇನೋಯೆ ಅನ್ನೋರು 1971ರಲ್ಲಿ ಕಾಸು ಹಾಕಿ ಹಾಡೋ ಮಷಿನ್ ಮಾಡಿ ಬಾರ್‌ಗಳಿಗೆ ಬಾಡಿಗೆಗೆ ಕೊಟ್ರು, ಪೇಟೆಂಟ್ ಮಾತ್ರ ತಗೊಳ್ಲಿಲ್ಲ. ಕರೋಕೆ ಅಂದ್ರೆ ಖಾಲಿ ಆರ್ಕೆಸ್ಟ್ರಾ ಅಂತ ಅರ್ಥ, ಗಣೇಶನ ಹಬ್ಬದ ಸ್ಟೇಜಲ್ಲಿ ವಾದ್ಯದೋರೆಲ್ಲಾ ಇದ್ದು ಹಾಡೋರು ಮಾತ್ರ ಇನ್ನೂ ಬಂದಿಲ್ಲ ಅಂದ್ರೆ ಹೆಂಗಿರುತ್ತೋ ಹಂಗೆ. ಅದು ಸಮುದ್ರ ದಾಟಿ ಕೊರಿಯಾಗೆ ಬಂದಿದ್ದು ಬುಸಾನ್ ಬಂದರಿನ ಕಡೆಯಿಂದ, 1991ರಲ್ಲಿ ಅಲ್ಲೇ ಮೊದಲ ನೊರೆಬಾಂಗ್ ಶುರುವಾಯ್ತು, ನೋಡ್ತಾ ನೋಡ್ತಾ ಇಡೀ ದೇಶಕ್ಕೆ ಹಬ್ಬಿಬಿಡ್ತು. ಈಗ ಯಾವ ಬಸ್ ಸ್ಟಾಪಲ್ಲಿ ಇಳಿದ್ರೂ ಎದುರು ಬಿಲ್ಡಿಂಗಿನ ಬೇಸ್‌ಮೆಂಟಲ್ಲೋ ಮೂರನೇ ಮಹಡಿಯಲ್ಲೋ ಒಂದು ಬೋರ್ಡ್ ಮಿಣಮಿಣ ಅಂತಿರುತ್ತೆ.

ಇನ್ನೊಂದು ವಿಷ್ಯ ಹೇಳ್ತೀನಿ, ಇದು ನಂಗೆ ಗೊತ್ತಾದಾಗ ಮನಸ್ಸು ಹಗುರ ಆಗಿತ್ತು. ಸರ್ಕಾರಿ ಲೈಸೆನ್ಸಲ್ಲಿ ಈ ಜಾಗಕ್ಕೆ ಇರೋ ಹೆಸ್ರು ನೊರೆಬಾಂಗ್ ಅಲ್ಲ, "ನೊರೆ ಯೊನ್ಸುಪ್‌ಜಾಂಗ್", ಅಂದ್ರೆ ಹಾಡು ಪ್ರಾಕ್ಟೀಸ್ ಮಾಡೋ ಜಾಗ. ಪ್ರಾಕ್ಟೀಸ್ ಮಾಡೋಕೆ ಹೋದೋರು ಚೆನ್ನಾಗಿ ಹಾಡ್ಬೇಕು ಅಂತ ಯಾರೂ ಅನ್ಕೊಂಡಿರಲ್ಲ.

ಈಗ ಆ ರಾತ್ರಿ ಹೆಂಗೆ ನಡೆಯುತ್ತೆ ಅನ್ನೋದು. ಟೀಮ್ ಊಟಕ್ಕೆ "ಹ್ವೆಸಿಕ್" ಅಂತಾರೆ, ಅದು ಸುತ್ತುಗಳಲ್ಲಿ ಸಾಗುತ್ತೆ, ಒಂದನೇ ಸುತ್ತು "ಇಲ್‌ಚಾ", ಎರಡನೇದು "ಇಚಾ", ಮೂರನೇದು "ಸಮ್‌ಚಾ". ಒಂದನೇದು ಊಟ, ಸಾಮಾನ್ಯವಾಗಿ ಟೇಬಲ್ ಮೇಲೇ ಮಾಂಸ ಸುಡೋ ಜಾಗ. ನಿಮ್ಮಂಥೋರಿಗೆ ಕಷ್ಟ ಇರೋದು ಇಲ್ಲೇ ಹೊರತು ಹಾಡೋ ಕೋಣೇಲಲ್ಲ. "ಗೋಗಿ ಪ್ಪೆ ಜುಸೆಯೋ" ಅಂದ್ರೆ ಮಾಂಸ ಬೇಡ, ತೆಗೆದು ಕೊಡಿ ಅಂತ, ಆದ್ರೆ ಅಷ್ಟು ಹೇಳಿದ್ರೆ ಸಾಲಲ್ಲ ಯಾಕಂದ್ರೆ ಎಷ್ಟೋ ಜನರ ಲೆಕ್ಕದಲ್ಲಿ ಮೀನು, ಸೀಗಡಿ, ಹ್ಯಾಮ್ ಇವೆಲ್ಲ ಗೋಗಿಗೆ ಸೇರಲ್ಲ. ಕಿಮ್ಚಿ ನೋಡೋಕೆ ಎಲೆಕೋಸಿನ ಉಪ್ಪಿನಕಾಯಿ ಥರ ಇದ್ರೂ ಅದ್ರಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿ ಕೊಳೆಸಿದ ಸೀಗಡಿನೋ ಮೀನಿನ ರಸನೋ ಇರುತ್ತೆ, ಸಾರುಗಳು ಎಷ್ಟೋ ಕಡೆ ಒಣ ಮೀನು ಕುದಿಸಿದ ನೀರಲ್ಲೇ ಮಾಡಿರ್ತಾರೆ. ಅದಕ್ಕೇ ಎರಡು ದಿನ ಮುಂಚೆನೇ ಟೀಮಲ್ಲಿ ಒಬ್ರಿಗೆ ಹೇಳಿಡಿ, ಅಲ್ಲಿ ಹೋದ್ಮೇಲೆ ಮೆನು ಹಿಡ್ಕೊಂಡು ಒದ್ದಾಡೋದು ಬೇಡ. ಬಿಬಿಮ್‌ಬಾಪ್ ಅನ್ನೋ ತರಕಾರಿ ಕಲಸಿದ ಅನ್ನ, ಮಾಂಸ ಬಿಟ್ಟು ಮಾಡಿದ್ದು, ಆಲೂಗಡ್ಡೆ ದೋಸೆ ಥರದ ಗಮ್ಜಾಜೊನ್, ಹುರಿದ ತೋಫು, ಇಷ್ಟರಲ್ಲಿ ಹೊಟ್ಟೆ ತುಂಬುತ್ತೆ. ಮೊಟ್ಟೆ ತಿನ್ನಲ್ಲ ಅಂದ್ರೆ ಅದನ್ನೂ ಬಾಯಿ ಬಿಟ್ಟು ಹೇಳಿ, ಬಿಬಿಮ್‌ಬಾಪ್ ಮೇಲೆ ಒಂದು ಮೊಟ್ಟೆ ಕೂತಿರುತ್ತೆ.

ಕುಡಿಯೋ ವಿಷ್ಯ. "ಸುಲ್ ಮೋತ್ ಮಾಶೊಯೋ", ನಂಗೆ ಕುಡಿಯೋಕಾಗಲ್ಲ, ಅಂತ ಮೊದಲನೇ ಗ್ಲಾಸ್ ಸುರಿಯೋ ಮುಂಚೆನೇ ನಗ್ತಾ ಹೇಳ್ಬಿಡಿ. ಆಮೇಲೆ ಸೈಡಾ ತರಿಸ್ಕೊಳ್ಳಿ, ಅದು ನಮ್ಮ ಸ್ಪ್ರೈಟ್ ಥರದ ನಿಂಬೆ ಸೋಡಾ, ಅದನ್ನ ಸೋಜು ಅನ್ನೋ ಅಲ್ಲಿನ ಮದ್ಯ ಕುಡಿಯೋ ಆ ಪುಟ್ಟ ಗ್ಲಾಸಿಗೇ ಹಾಕ್ಕೊಂಡು ಎಲ್ರ ಜೊತೆ "ಗೊನ್‌ಬೆ" ಅಂತ ಎತ್ತಿ. ಒಳಗೆ ಏನಿದೆ ಅನ್ನೋದಕ್ಕಿಂತ ಗ್ಲಾಸ್ ಎತ್ತೋದೇ ಅಲ್ಲಿ ಮುಖ್ಯ. ದೊಡ್ಡೋರು ಸುರಿಯೋವಾಗ ಎರಡೂ ಕೈಲಿ ಗ್ಲಾಸ್ ಹಿಡ್ಕೊಳ್ಳಿ, ಅವ್ರ ಗ್ಲಾಸ್ ಖಾಲಿ ಆದ್ರೆ ನೀವು ಎರಡು ಕೈಲಿ ಬಾಟ್ಲಿ ಹಿಡಿದು ಸುರೀರಿ, ಕುಡಿಯೋವಾಗ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ನಮ್ಮಲ್ಲಿ ಹಿರಿಯರ ಎದುರು ಇರೋ ಹಾಗೇ ಒಂದು ಮರ್ಯಾದೆ. ಹಳೇ ಕಾಲದಲ್ಲಿ ಬಲವಂತ ಜಾಸ್ತಿ ಇತ್ತು ಅಂತ ಅಲ್ಲಿಯೋರೇ ಹೇಳ್ತಾರೆ, 2019ರಲ್ಲಿ ಆಫೀಸಲ್ಲಿ ಕಿರುಕುಳ ಕೊಡೋದನ್ನ ತಡೆಯೋ ಕಾನೂನು ಬಂದ್ಮೇಲೆ ಕುಡಿ ಕುಡಿ ಅಂತ ಪೀಡಿಸೋಕೆ ಜನ ಹಿಂದೆಮುಂದೆ ನೋಡ್ತಾರೆ.

ಊಟ ಮುಗಿದು ಹೊರಗೆ ಬಂದು ಚಳೀಲಿ ಐದು ನಿಮಿಷ ಎಲ್ಲಿ ಎಲ್ಲಿ ಅಂತ ಚರ್ಚೆ ಆಗುತ್ತೆ, ಆಮೇಲೆ ಯಾವುದೋ ಮೆಟ್ಲು ಇಳಿದು ಹೋಗ್ತೀರ. ಉದ್ದ ಕಾರಿಡಾರ್, ಎರಡೂ ಕಡೆ ಬಾಗ್ಲು, ಪ್ರತಿ ಬಾಗ್ಲ ಹಿಂದಿನಿಂದ್ಲೂ ಬೇರೆ ಬೇರೆ ಹಾಡು ದಬದಬ ಅಂತ ಬರ್ತಿರುತ್ತೆ. ನಿಮ್ ಕೋಣೇಲಿ ಗೋಡೆ ಸುತ್ತ ಸೋಫಾ, ನಡುವೆ ಉದ್ದ ಟೇಬಲ್, ಒಂದು ಗೋಡೆ ತುಂಬಾ ಸ್ಕ್ರೀನ್, ಮೇಲೆ ತಿರುಗೋ ಬಣ್ಣದ ಲೈಟು, ಎರಡು ಮೈಕು, ಮೈಕಿಗೆ ಹಾಕೋಕೆ ಬಿಸಾಕೋ ಬಟ್ಟೆ ಟೋಪಿ, ಎರಡು ಟ್ಯಾಂಬರಿನ್. ಅಂಗೈ ಅಗಲದ ರಿಮೋಟ್ ತುಂಬಾ ಬಟನ್ ಇರುತ್ತೆ, ಪ್ರತಿ ಹಾಡಿಗೂ ಒಂದು ನಂಬರ್, ಆ ನಂಬರ್ ಒತ್ತಿ ರಿಸರ್ವ್ ಮಾಡಿದ್ರೆ ಸರತಿ ಪ್ರಕಾರ ಬರುತ್ತೆ. ಟೀಮಲ್ಲಿ ಎಲ್ರಿಗಿಂತ ಚಿಕ್ಕೋರು, "ಮಂಗ್ನೆ" ಅಂತಾರೆ, ರಿಮೋಟ್ ಸಾಮಾನ್ಯವಾಗಿ ಅವ್ರ ಕೈಲಿ.

ನಮ್ಮ ಟೀಮ್ ಲೀಡರ್ 50 ದಾಟಿದೋರು, ಆಫೀಸಲ್ಲಿ ದಿನಕ್ಕೆ ಹತ್ತು ಮಾತು ಆಡ್ತಿದ್ರೋ ಇಲ್ವೋ, ಅವ್ರು ಕೋಟ್ ತೆಗೆದು ಮಡಚಿ ಸೋಫಾ ಮೇಲಿಟ್ಟು ಎದ್ದು ನಿಂತು ಟ್ರಾಟ್ ಹಾಡಿದ್ರು. ಟ್ರಾಟ್ ಅಂದ್ರೆ ಅಲ್ಲಿನ ಹಳೇ ಶೈಲಿ ಹಾಡು, ಎರಡು ಪೆಟ್ಟಿನ ತಾಳ, ಸ್ವರಾನ ಎಳೆದು ನಡುಗಿಸಿ ಹಾಡೋದು, ನಂಗೆ ನಮ್ಮ ಊರ ನಾಟಕದೋರ ರಂಗಗೀತೆ ನೆನಪಾಯ್ತು. ಅವ್ರ ಶ್ರುತಿ ಮೊದಲನೇ ಸಾಲಲ್ಲೇ ತಪ್ಪಿತ್ತು. ಯಾರೂ ಮುಖ ಮುಖ ನೋಡ್ಕೊಳ್ಲಿಲ್ಲ, ಹುಡುಗ್ರೆಲ್ಲಾ ಎದ್ದು ಚಪ್ಪಾಳೆ ತಟ್ಟಿದ್ರು, ಒಬ್ಳು ಟ್ಯಾಂಬರಿನ್ ತಗೊಂಡು ಅಂಗೈಗೆ, ತೊಡೆಗೆ, ಮತ್ತೆ ಅಂಗೈಗೆ ಹೊಡೀತಾ ಅವ್ರ ಪಕ್ಕದಲ್ಲೇ ನಿಂತ್ಲು, ಅವ್ರು ತಾಳ ಬಿಟ್ಟು ಮುಂದೆ ಓಡಿದಾಗ ಇವಳು ಗಟ್ಟಿಯಾಗಿ ಬಾರಿಸಿ ವಾಪಸ್ ಕರ್ಕೊಂಡು ಬರೋಳು. ಭಜನೆ ಮನೇಲಿ ದೊಡ್ಡೋರು ಹಾಡೋವಾಗ ತಾಳ ಹಿಡಿದೋರು ಮಾಡೋದೂ ಇದನ್ನೇ ಅಲ್ವಾ. ನೀವು ಹಾಡ್ದಿದ್ರೂ ಆ ಟ್ಯಾಂಬರಿನ್ ತಗೊಂಡ್ರೆ ಸಾಕು, ಆ ಕೋಣೇಲಿ ನಿಮ್ ಕೆಲಸ ನೀವು ಮಾಡಿದ ಹಾಗೆ.

ಆದ್ರೂ ಒಂದು ಹಾಡು ಹಾಡ್ಲೇಬೇಕಾಗಿ ಬರುತ್ತೆ, ಅದಕ್ಕೆ ಮಷಿನ್ನೇ ಸಹಾಯಕ್ಕಿದೆ. ಮೈಕಲ್ಲಿ ಎಕೋ ಜಾಸ್ತಿ ಇಟ್ಟಿರ್ತಾರೆ, ಒಣ ಗಂಟಲೂ ತುಂಬಿಕೊಂಡು ಕೇಳುತ್ತೆ. ಶ್ರುತಿ ಏರಿಸೋ ಇಳಿಸೋ ಬಟನ್ ಇದೆ, ಗಂಡಸರ ಶ್ರುತಿ ಹೆಂಗಸರ ಶ್ರುತಿ ಅಂತ ಬದಲಾಯಿಸೋ ಬಟನ್ ಇದೆ, ಸ್ಪೀಡ್ ಕಮ್ಮಿ ಮಾಡೋದಿದೆ, ನಡುವಿನ ಮ್ಯೂಸಿಕ್ ಹಾರಿಸೋದೂ ಇದೆ. ಒಂದು ಚರಣ ಹಾಡಿ ನಿಲ್ಲಿಸಿದ್ರೂ ಯಾರೂ ಏನೂ ಅನ್ಕೊಳಲ್ಲ. ಕೊನೇಲಿ ಸ್ಕ್ರೀನ್ ಮೇಲೆ ತುತ್ತೂರಿ ಊದಿ ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಬರುತ್ತೆ, ಅದನ್ನ ತಲೆಗೆ ಹಚ್ಕೋಬೇಡಿ.

ಕನ್ನಡ ಹಾಡು ಮಷಿನಲ್ಲಿ ಸಿಗುತ್ತೆ ಅಂತ ಆಸೆ ಇಟ್ಕೋಬೇಡಿ, ಕೊರಿಯನ್, ಇಂಗ್ಲಿಷ್, ಜಪಾನೀಸ್, ಚೈನೀಸ್ ಇರುತ್ತೆ. ನಾನು ಒಂದು ಸಲ ಫೋನಲ್ಲಿ ಹಳೇ ಕನ್ನಡ ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿ ಒಂದು ಮೈಕನ್ನ ಫೋನಿನ ಸ್ಪೀಕರ್‌ಗೆ ಹಿಡಿದು ಇನ್ನೊಂದರಲ್ಲಿ ಹಾಡಿದ್ದೆ, ಒಂದು ಪದ ಅರ್ಥ ಆಗ್ದಿದ್ರೂ ಎಂಟು ಜನ ಕೊನೇವರೆಗೂ ಚಪ್ಪಾಳೆ ನಿಲ್ಲಿಸ್ಲಿಲ್ಲ. ಊರು ಬಿಟ್ಟು ಐದು ತಿಂಗಳಾಗಿತ್ತು, ನಂಗೆ ಗಂಟಲು ಕಟ್ಟಿ ಎರಡನೇ ಚರಣ ಸರಿಯಾಗಿ ಬರ್ಲೇ ಇಲ್ಲ.

ಎಚ್ಚರಿಕೆ ಮಾತು ಎರಡಿವೆ. ಬೋರ್ಡ್ ನೋಡಿ ಒಳಗೆ ಹೋಗಿ. ಮೇಲೆ ಹೇಳಿದ ಪ್ರಾಕ್ಟೀಸ್ ಲೈಸೆನ್ಸ್ ಇರೋ ಜಾಗದಲ್ಲಿ ಕಾನೂನು ಪ್ರಕಾರ ಮದ್ಯ ಮಾರೋ ಹಾಗಿಲ್ಲ, ಹೊರಗಿಂದ ತಂದು ಕುಡಿಯೋಕೂ ಬಿಡೋ ಹಾಗಿಲ್ಲ, ಮಕ್ಕಳಿಗೆ ರಾತ್ರಿ 10ರ ಮೇಲೆ ಪ್ರವೇಶ ಇಲ್ಲ. ಊಟ, ಮದ್ಯ, ಹಾಡು ಮೂರೂ ಒಂದೇ ರೂಮಲ್ಲಿ ಸಿಗೋದು "ನೊರೆ ಜುಜೊಮ್" ಥರದ ಬೇರೆ ಜಾಗಗಳಲ್ಲಿ, ಅಲ್ಲಿ ಹಣ್ಣಿನ ತಟ್ಟೆ, ಒಣ ಸ್ಕ್ವಿಡ್, ಕಡಲೆಕಾಯಿ ಅಂತ ಒಂದೊಂದಕ್ಕೂ ದೊಡ್ಡ ರೇಟ್ ಇರುತ್ತೆ, ತರಿಸೋ ಮುಂಚೆ ಮೆನು ನೋಡಿ. ಹೆಂಗಸರನ್ನ ಜೊತೆಗೆ ಕೂರಿಸಿ ಬಿಲ್ ಏರಿಸೋ ಜಾಗಗಳೂ ಇವೆ, ರಸ್ತೇಲಿ ಯಾರಾದ್ರೂ ಕೈ ಹಿಡಿದು ಕರೆದ್ರೆ ಹೋಗ್ಲೇಬೇಡಿ.

ಎರಡನೇದು, ರೂಮಲ್ಲಿ ಕೂರೋ ಮುಂಚೆ ಎಮರ್ಜೆನ್ಸಿ ದಾರಿ ಎಲ್ಲಿದೆ ಅಂತ ಒಂದು ಸಲ ನಡೆದು ನೋಡಿ ಬನ್ನಿ. 2012ರ ಮೇ ತಿಂಗಳಲ್ಲಿ ಬುಸಾನ್‌ನ ಇಂಥದ್ದೇ ಒಂದು ಜಾಗದಲ್ಲಿ ಬೆಂಕಿ ಬಿದ್ದು 9 ಜನ ಹೋದ್ರು, ಅವ್ರಲ್ಲಿ 3 ಜನ ದುಡಿಯೋಕೆ ಅಂತ ಬಂದಿದ್ದ ಶ್ರೀಲಂಕಾದೋರು. ಒಳಗೆ ಅಷ್ಟು ಸದ್ದಿದ್ದಾಗ ಹೊರಗೆ ಯಾರು ಕೂಗಿದ್ರೂ ಕೇಳಲ್ಲ, ಭಾಷೆ ಬರದೋರಿಗೆ ಕೇಳಿದ್ರೂ ಅರ್ಥ ಆಗಲ್ಲ.

ದುಡ್ಡಿನ ವಿಷ್ಯಕ್ಕೆ ತಲೆ ಕೆಡಿಸ್ಕೋಬೇಡಿ, ಊಟದ್ದು ಹೆಚ್ಚಾಗಿ ಕಂಪನಿದೋ ದೊಡ್ಡೋರದೋ ಆಗಿರುತ್ತೆ, ಎರಡನೇ ಸುತ್ತಿಗೆ ನೀವೂ ಪಾಲು ಹಾಕ್ತೀನಿ ಅಂತ ಮುಂದಾಗಿ. ಟಿಪ್ಸ್ ಕೊಡೋ ಪದ್ಧತಿ ಇಲ್ಲ. ಟೈಮ್ ಮುಗೀತು ಅಂತ ಎಲ್ರೂ ಕೋಟ್ ಹಾಕ್ಕೊಳ್ತಿರೋವಾಗ ಸ್ಕ್ರೀನ್ ಮೂಲೇಲಿ ಇದ್ದಕ್ಕಿದ್ದ ಹಾಗೆ 20 ನಿಮಿಷ ಜಾಸ್ತಿ ಆಗಿರುತ್ತೆ ನೋಡಿ, ಅದು ಕೌಂಟರಲ್ಲಿರೋ ಅಜುಮ್ಮಾ, ಅಂದ್ರೆ ಆಂಟಿ, ಫ್ರೀಯಾಗಿ ಕೊಟ್ಟಿದ್ದು, ಅದಕ್ಕೆ "ಸರ್ವಿಸ್" ಅಂತಾರೆ, ಕೋಟ್ ಬಿಚ್ಚಿ ಮತ್ತೆ ಕೂತ್ಕೊಳ್ಳೋದೇ. ಸಬ್‌ವೇ, ಅಂದ್ರೆ ಮೆಟ್ರೋ ರೈಲು, ನಡುರಾತ್ರಿ ಹೊತ್ತಿಗೆ ನಿಂತುಹೋಗುತ್ತೆ, ಸಿಯೋಲ್‌ನಲ್ಲಾದ್ರೆ ಟ್ಯಾಕ್ಸಿ ರೇಟ್ ರಾತ್ರಿ 10ರಿಂದ 20 ಪರ್ಸೆಂಟ್, 11ರಿಂದ 2ರವರೆಗೆ 40 ಪರ್ಸೆಂಟ್ ಜಾಸ್ತಿ, ಅದಕ್ಕೆ ಒಂದೇ ದಾರಿಯೋರ ಜೊತೆ ಹೊರಡಿ.

ಇಷ್ಟೆಲ್ಲ ಆದ್ಮೇಲೂ ಭಯ ಹೋಗ್ದಿದ್ರೆ ಹ್ವೆಸಿಕ್‌ಗೆ ಒಂದು ವಾರ ಮುಂಚೆ ಒಬ್ರೇ ಕಾಯಿನ್ ನೊರೆಬಾಂಗ್‌ಗೆ ಹೋಗಿ, "ಕೋನೋ" ಅಂತ ಕರೀತಾರೆ, ನಮ್ಮ ಹಳೇ ಎಸ್‌ಟಿಡಿ ಬೂತಿಗಿಂತ ಸ್ವಲ್ಪ ದೊಡ್ಡ ಕೋಣೆ, 1000 ವಾನ್ ನೋಟು ಹಾಕಿದ್ರೆ ಎರಡು ಮೂರು ಹಾಡು, ನಮ್ ದುಡ್ಡಲ್ಲಿ 60 ರೂಪಾಯಿ ಆಸುಪಾಸು. ಕಾಲೇಜ್ ಹುಡುಗ್ರು ಕ್ಲಾಸ್ ಮುಗಿಸಿ ಬ್ಯಾಗ್ ಕೆಳಗಿಟ್ಟು ಒಬ್ರೇ ಹಾಡ್ಕೊಂಡು ಹೋಗ್ತಾರೆ, ಯಾರೂ ತಿರುಗಿ ನೋಡಲ್ಲ. ಎಲ್ರಿಗೂ ಗೊತ್ತಿರೋ ಒಂದು ಹಳೇ ಇಂಗ್ಲಿಷ್ ಹಾಡು ಆರಿಸ್ಕೊಂಡು, ಶ್ರುತಿ ಎಷ್ಟು ಇಳಿಸಿದ್ರೆ ಗಂಟಲಿಗೆ ಹಿತ ಅಂತ ನೋಡ್ಕೊಂಡು, ಹಾಡಿನ ನಂಬರನ್ನೂ ಶ್ರುತಿ ಲೆಕ್ಕಾನೂ ಫೋನಲ್ಲಿ ಬರ್ಕೊಳ್ಳಿ. ಆ ರಾತ್ರಿ ನಿಮ್ ಸರತಿ ಬಂದಾಗ ಫೋನ್ ತೆಗೆದು ಮಂಗ್ನೆಗೆ ತೋರಿಸಿ, ಒತ್ತೋದು ಅವ್ರು ಒತ್ತುತ್ತಾರೆ, ಟ್ಯಾಂಬರಿನ್ ಯಾರಾದ್ರೂ ಎತ್ಕೊಂಡೇ ಎತ್ಕೊಳ್ತಾರೆ.