ಕೀ ಉದ್ದ ಮಾಡಿದರೆ ಪಕ್ಕದವನು ಕದಿಯಲಾರನೇ?

ಪ್ರಶ್ನೆ: ನಮ್ಮ ಸರ್ವರ್ ಕ್ಲೌಡ್‌ನಲ್ಲಿದೆ. ಅದೇ ಯಂತ್ರದಲ್ಲಿ ಬೇರೆಯವರ ವರ್ಚುವಲ್ ಮಷೀನ್‌ಗಳೂ (ಒಂದೇ ಯಂತ್ರವನ್ನು ಹಂಚಿಕೊಂಡು ಬೇರೆ ಬೇರೆ ಕಂಪ್ಯೂಟರ್‌ಗಳಂತೆ ನಡೆಯುವ ವ್ಯವಸ್ಥೆಗಳು) ಓಡುತ್ತವೆ. ಡಿಜಿಟಲ್ ಸಹಿಗೆ, ಗುಟ್ಟು ಕಾಪಾಡಲು ಬಳಸುವ ಆರ್‌ಎಸ್‌ಎ ಕೀ 2048ರ ಬದಲು 4096 ಬಿಟ್ ಮಾಡಿದರೆ ಸಾಕಲ್ವಾ?

ಸಾಲದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇವತ್ತು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಉದ್ದದ ಕೀ ತಡೆಯುವುದು ಲೆಕ್ಕ ಹಾಕಿ ಒಡೆಯಲು ಬರುವವನನ್ನು. ಪಕ್ಕದ ಮಷೀನ್‌ನವನು ಲೆಕ್ಕದ ತಂಟೆಗೇ ಹೋಗುವುದಿಲ್ಲ. ಬಾಗಿಲಿಗೆ ಎಷ್ಟೇ ದೊಡ್ಡ ಬೀಗ ಜಡಿದರೂ ನಿಮ್ಮ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಪಕ್ಕದ ಮನೆಗೆ ಗೊತ್ತಾಗುತ್ತದಲ್ವಾ?

2014ರಲ್ಲಿ ಯುವಲ್ ಯಾರೋಮ್ ಮತ್ತು ಕಟ್ರೀನಾ ಫಾಕ್ನರ್ ಪ್ರಕಟಿಸಿದ ಫ್ಲಶ್+ರೀಲೋಡ್ ಅನ್ನುವ ದಾಳಿ ನೋಡಿ. ಗುರಿ, ಗೂಢಲಿಪಿ ಮತ್ತು ಡಿಜಿಟಲ್ ಸಹಿಯ ಪ್ರೋಗ್ರಾಂ ಗ್ನುಪಿಜಿ 1.4.13. ಅದು ಕೀಯ ಬಿಟ್‌ಗಳನ್ನು ಒಂದೊಂದಾಗಿ ಓದುತ್ತಿತ್ತು. 0 ಬಂದರೆ ವರ್ಗ (ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು) ಮಾತ್ರ, 1 ಬಂದರೆ ವರ್ಗದ ಜೊತೆ ಇನ್ನೊಂದು ಗುಣಾಕಾರ. ಆ ಪ್ರೋಗ್ರಾಂನ ಒಂದೇ ಪ್ರತಿ ಮೆಮೊರಿಯಲ್ಲಿ ಇಬ್ಬರಿಗೂ ಹಂಚಿಕೆಯಾಗಿದ್ದರೆ ಕಳ್ಳನಿಗೆ ಅಷ್ಟು ಸಾಕು. ಆ ಇನ್ನೊಂದು ಗುಣಾಕಾರದ ಕೋಡ್ ಇರುವ ಸಾಲನ್ನು ಕ್ಯಾಶ್‌ನಿಂದ (ಪ್ರೊಸೆಸರ್ ಪಕ್ಕದ ಪುಟ್ಟ ವೇಗದ ಮೆಮೊರಿಯಿಂದ) ಹೊರಹಾಕುತ್ತಾನೆ, ಚೂರು ಕಾಯುತ್ತಾನೆ, ಮತ್ತೆ ಓದುತ್ತಾನೆ. ಥಟ್ಟನೆ ಸಿಕ್ಕರೆ ಆ ನಡುವೆ ನೀವು ಅದನ್ನು ಬಳಸಿದ್ದೀರಿ. ತಡವಾದರೆ ಬಳಸಿಲ್ಲ. ಅವರು ಬಳಸಿದ ಪ್ರೊಸೆಸರ್‌ಗಳಲ್ಲಿ ಎಲ್3 ಅನ್ನುವ ಕೊನೆಯ ಹಂತದ ಕ್ಯಾಶ್ ಎಲ್ಲ ಕೋರ್‌ಗಳಿಗೂ (ಪ್ರೊಸೆಸರ್‌ನೊಳಗಿನ ಲೆಕ್ಕದ ಘಟಕಗಳಿಗೂ) ಒಂದೇ ಆದ್ದರಿಂದ ಬೇರೆ ಕೋರ್‌ನಲ್ಲಿ ಕೂತೇ ಇದನ್ನು ಮಾಡಬಹುದು. ಒಂದೇ ಒಂದು ಸಹಿ ಹಾಕುವುದನ್ನು ಗಮನಿಸಿ ಅವರು ಸರಾಸರಿ ಶೇ. 96.7ರಷ್ಟು ಬಿಟ್‌ಗಳನ್ನು ಹೆಕ್ಕಿದರು.

ಅಂಥ ಕೋಡ್‌ಗೆ ಈಗ 4096 ಬಿಟ್ ಕೊಡಿ. ಒಂದೊಂದು ಗುಣಾಕಾರಕ್ಕೂ ಇನ್ನೂ ಜಾಸ್ತಿ ಹೊತ್ತು ಬೇಕು. ಕದ್ದು ನೋಡುವವನಿಗೆ ಕೆಲಸ ಇನ್ನೂ ಆರಾಮು! ನೀವು ಸುಮ್ನೆ ಸರ್ವರ್ ನಿಧಾನ ಮಾಡಿಕೊಂಡಿರಿ, ಅಷ್ಟೇ.

ಮದ್ದು ಬೇರೆ: ಬಿಟ್ ಯಾವುದೇ ಇರಲಿ, ಅವೇ ಹೆಜ್ಜೆ, ಅವೇ ಮೆಮೊರಿ ಜಾಗ. ಹಾಗೆ ಬರೆದ ಲೈಬ್ರರಿ ಬಳಸಿ, ಅಪ್‌ಡೇಟ್ ಮಾಡುತ್ತಿರಿ. ವರ್ಚುವಲ್ ಮಷೀನ್ ತಂತ್ರಾಂಶದ ಕಂಪನಿ ವಿಎಂವೇರ್ 2014ರಲ್ಲಿ ಮಷೀನ್‌ಗಳ ನಡುವಿನ ಮೆಮೊರಿ ಹಂಚಿಕೆಯನ್ನು ತಾನಾಗಿಯೇ ಆನ್ ಆಗದಂತೆ ಮಾಡಿತು. ಆದರೆ ಮೆಮೊರಿ ಹಂಚಿಕೆಯೇ ಬೇಡದ ಪ್ರೈಮ್+ಪ್ರೋಬ್ ವಿಧಾನವೂ ಇದೆ: ಕಳ್ಳ ಕ್ಯಾಶ್ ಅನ್ನು ತನ್ನದೇ ಡೇಟಾದಿಂದ ತುಂಬಿಸಿ, ಯಾವುದು ಹೊರಬಿತ್ತು ಅಂತ ಆಮೇಲೆ ನೋಡುತ್ತಾನೆ. 2015ರಲ್ಲಿ ಸಂಶೋಧಕರು ಅಮೆಜಾನ್‌ನ ಕ್ಲೌಡ್ ಸೇವೆ ಇಸಿ2ನಲ್ಲಿ 2048 ಬಿಟ್ ಕೀಯನ್ನು ಹೀಗೇ ಹೊರತೆಗೆದರು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕೋಡ್‌ನಲ್ಲಿ ಎಪಿಐ ಟೋಕನ್ (ಇನ್ನೊಂದು ಪ್ರೋಗ್ರಾಂ ಒಳಬರಲು ತೋರಿಸುವ ಗುಟ್ಟಿನ ಅಕ್ಷರಸಾಲು) ಹೋಲಿಸಲು ಎರಡು ಸಮ ಚಿಹ್ನೆ (==) ಹಾಕಿದ್ದೀರಾ? ಆ ಹೋಲಿಕೆ ಮೊದಲ ತಪ್ಪು ಅಕ್ಷರಕ್ಕೇ ನಿಂತುಬಿಡಬಹುದು. ಎಷ್ಟು ಅಕ್ಷರ ಸರಿಯಿದೆ ಅಂತ ಹಿಡಿದ ಹೊತ್ತೇ ಸುಳಿವು ಕೊಡುತ್ತದೆ. ಪೈಥಾನ್‌ನ ಎಚ್‌ಮ್ಯಾಕ್ ಮಾಡ್ಯೂಲ್‌ನಲ್ಲಿ ಕಂಪೇರ್-ಡೈಜೆಸ್ಟ್ ಅನ್ನುವ ಫಂಕ್ಷನ್ ಇರುವುದು ಈ ಸುಳಿವು ತಪ್ಪಿಸುವುದಕ್ಕೇ. ಮೊದಲು ಆ ಸಾಲು ಬದಲಾಯಿಸಿ, 4096ರ ಮಾತು ಆಮೇಲೆ.