ಕೊನೆಯ ಹಾಡಿನಲ್ಲಿ 'ಶ' ಒಡೆಯುತ್ತಿದೆ, ಸೂಜಿಯ ಭಾರ ಇಳಿಸಲಾ?

"ಸರ್, ಟರ್ನ್‌ಟೇಬಲ್‌ಗೆ ಹೊಸ ಕಾರ್ಟ್ರಿಜ್ (ಸೂಜಿ ಕೂತಿರುವ ಡಬ್ಬಿ) ಹಾಕಿದ್ದೇನೆ. ಎಲ್‌ಪಿಯ ಮೊದಲ ಹಾಡು ಚೆನ್ನಾಗಿ ಬರುತ್ತದೆ. ಕೊನೆಯ ಹಾಡಿಗೆ ಬರುವಷ್ಟರಲ್ಲಿ ಸ, ಶ, ಷ ಮೂರೂ ಒಂದೇ ಥರ 'ಷ್‌ಷ್' ಅಂತ ಸಿಡಿಯುತ್ತವೆ. ಪ್ಲೇಟ್ ಸವೆಯದಿರಲಿ ಅಂತ ಸೂಜಿಯ ಭಾರ ಆಗಲೇ ಇಳಿಸಿದ್ದೇನೆ. ಇನ್ನೂ ಸ್ವಲ್ಪ ಇಳಿಸಲಾ?"

ಬೇಡ. ಏರಿಸಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಉತ್ತರ ಕೊಟ್ಟ ಮಾರನೇ ದಿನ, "ಆದ್ರೂ ಸರ್, ಭಾರ ಜಾಸ್ತಿ ಆದ್ರೆ ಪ್ಲೇಟ್ ಸವೆಯಲ್ವಾ?" ಅಂತ ಅದರ ತಮ್ಮನೂ ಬರುತ್ತಾನೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕೈಗಿಡುವುದು.

ಸೂಜಿ ಪ್ಲೇಟನ್ನು ಒತ್ತುವ ಭಾರ ಕಡಿಮೆ ಇದ್ದಷ್ಟೂ ಪ್ಲೇಟಿಗೆ ಒಳ್ಳೆಯದು ಅನ್ನುವ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಅದು ತಾತನ ಕಾಲದ ಕೀಲಿ ಕೊಡುವ ಗ್ರಾಮಫೋನಿನಿಂದ ಬಂದದ್ದು. ಆಗಿನ 78 ಸುತ್ತಿನ ಪ್ಲೇಟು ಅರಗಿನದು. ಅದರಲ್ಲಿ ಕಲ್ಲಿನ ಪುಡಿಯೂ ಬೆರೆತಿರುತ್ತಿತ್ತು. ಮೇಲೆ ಕೂತ, ಸೂಜಿ ಹಿಡಿದ ಸೌಂಡ್‌ಬಾಕ್ಸಿನ ಭಾರ ನೂರು ಗ್ರಾಂ ಮೇಲೆ. ಸೂಜಿ ಉಕ್ಕಿನದು, ಒಂದು ಮಗ್ಗುಲು ಬಾರಿಸಿದರೆ ಬಿಸಾಡಬೇಕು. ಆ ಯಂತ್ರ ಪ್ಲೇಟನ್ನು ನಿಜವಾಗಿಯೂ ತಿನ್ನುತ್ತಿತ್ತು. ಅಲ್ಲಿಗೆ ಆ ಭಯ ಸರಿಯಾಗಿಯೇ ಇತ್ತು.

1948ರಲ್ಲಿ ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟ್ ಬಂತು. ಉಕ್ಕು ಹೋಗಿ ವಜ್ರದ ತುದಿ ಬಂತು. ನೂರು ಗ್ರಾಂ ಇದ್ದದ್ದು ಬೆರಳೆಣಿಕೆಯ ಗ್ರಾಂಗೆ ಇಳಿಯಿತು. ಭಯ ಮಾತ್ರ ಇಳಿಯಲಿಲ್ಲ. ಸಾಲದ್ದಕ್ಕೆ 1960-70ರ ದಶಕದಲ್ಲಿ ಕಂಪನಿಗಳ ನಡುವೆ 'ನಮ್ಮದು ಒಂದೇ ಗ್ರಾಂ' ಅನ್ನುವ ಪೈಪೋಟಿ ಶುರುವಾಯಿತು. ಶ್ಯೂರ್ ವಿ15 ಥರದ ಕಾರ್ಟ್ರಿಜ್‌ಗಳು ಒಂದು ಗ್ರಾಂ ಆಸುಪಾಸಿನಲ್ಲೇ ಓಡುತ್ತಿದ್ದವು, ಅದು ಸುಳ್ಳಲ್ಲ. ಆದರೆ ಅವುಗಳ ಸೂಜಿಯ ಕಡ್ಡಿಯನ್ನು ಹಿಡಿದಿದ್ದ ರಬ್ಬರು ಅಷ್ಟು ಮೆತ್ತಗಿತ್ತು. ಅದಕ್ಕೆ ಹೊಂದುವ, ಕಾರ್ಟ್ರಿಜ್ ಹೊರುವ ಹಗುರ ತೋಳೂ ಬೇಕಿತ್ತು. ಅವರ ಒಂದು ಗ್ರಾಂ ನೋಡಿ ನಿಮ್ಮ ಎರಡು ಗ್ರಾಂ ಕಾರ್ಟ್ರಿಜ್ಜನ್ನು ಒಂದಕ್ಕೆ ಇಳಿಸುವುದು ಅಂದರೆ, ಪಕ್ಕದ ಮನೆಯವರ ಬಿಪಿ ಮಾತ್ರೆಯನ್ನು ನಾವು ನುಂಗಿದ ಹಾಗೆ.

ಒಳಗೆ ಏನಾಗುತ್ತದೆ ನೋಡಿ. ಸೂಜಿ ಗೆರೆಯ ತಳದಲ್ಲಿ ಕೂತಿರುವುದಿಲ್ಲ. ಗೆರೆಯ ಎರಡು ಗೋಡೆಗಳ ಮೇಲೆ ಕೂತಿರುತ್ತದೆ. ಹಾಡಿನಲ್ಲಿ 'ಶ' ಬಂದಾಗ ಆ ಗೋಡೆಗಳಲ್ಲಿ ಒತ್ತೊತ್ತಾಗಿ ಉಬ್ಬು ತಗ್ಗು. ಪ್ಲೇಟ್ ತಿರುಗುತ್ತಿದ್ದ ಹಾಗೆ ಉಬ್ಬು ಸೂಜಿಯನ್ನು ಎತ್ತಿ ಎಸೆಯುತ್ತದೆ. 10 ಕಿಲೋಹರ್ಟ್ಸ್‌ನ ದನಿಯನ್ನು ಸೆಕೆಂಡಿಗೆ 10 ಸೆಂ.ಮೀ. ವೇಗಕ್ಕೆ ಕೊರೆದಿದ್ದಾರೆ ಅಂತಿಟ್ಟುಕೊಂಡು ಲೆಕ್ಕ ಹಾಕಿ. ಆ ವಜ್ರದ ಚೂರಿಗೆ ಬೀಳುವ ವೇಗೋತ್ಕರ್ಷ ಗುರುತ್ವಾಕರ್ಷಣೆಯ 600 ಪಟ್ಟಿಗಿಂತ ಜಾಸ್ತಿ. ಎಸೆದ ಸೂಜಿಯನ್ನು ತಕ್ಷಣ ಗೋಡೆಗೆ ತಿರುಗಿ ತರಬೇಕಾದದ್ದು ನೀವು ಹಾಕಿದ ಭಾರ. ಅದು ಸಾಲದಿದ್ದರೆ ಸೂಜಿ ಗೋಡೆ ಬಿಟ್ಟು ಹಾರುತ್ತದೆ, ಎಲ್ಲೋ ಒಂದು ಕಡೆ ಬಂದು ಬಡಿಯುತ್ತದೆ. ಆ ಬಡಿತವೇ ನಿಮಗೆ ಕೇಳುವ 'ಷ್‌ಷ್'.

ಹಂಪ್ ಬಂದಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರ ಪಾಡು ಗೊತ್ತಲ್ಲ. ಕಂಬಿ ಗಟ್ಟಿಯಾಗಿ ಹಿಡಿದು ಕೂತವರಿಗೆ ಏನೂ ಆಗುವುದಿಲ್ಲ. ಮೇಲೆ ಹಾರಿ ಬಿದ್ದವರ ಸೊಂಟ ಹೋಗುತ್ತದೆ. ಗೆರೆಯ ಗೋಡೆಯೂ ಹಾಗೇ ಹಾಳಾಗುವುದು. ವಜ್ರ ವಿನೈಲಿಗೆ ಅಂಟಿಕೊಂಡು ಜಾರಿದರೆ ಸವೆತ ಬಹಳ ನಿಧಾನ. ಹಾರಿ ಬಂದು ಗುದ್ದಿದರೆ ಉಬ್ಬಿನ ಅಂಚು ಚಕ್ಕೆ ಎದ್ದಂತೆ ಮುರಿಯುತ್ತದೆ. ಆಮೇಲೆ ಎಂಥ ಕಾರ್ಟ್ರಿಜ್ ತಂದರೂ ಆ 'ಶ' ವಾಪಸ್ ಬರುವುದಿಲ್ಲ. ಪ್ಲೇಟ್ ಉಳಿಸಲು ಭಾರ ಇಳಿಸಿದೆ ಅನ್ನುವವರು ಪ್ಲೇಟ್ ಕೆಡಿಸುತ್ತಿರುತ್ತಾರೆ. ಇದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕ ಇಟ್ಟಿಲ್ಲ.

ಹಾಗಂತ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲ್ಲ. ಅದು ಇನ್ನೊಂದು ಪಂಗಡ, ನಾಲ್ಕಾಣೆ ಪಂಗಡ. ಸೂಜಿ ಒಂದೇ ಗೆರೆಯಲ್ಲಿ ಸುತ್ತಲು ಶುರುವಾದರೆ, ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಹೆಡ್‌ಶೆಲ್ ಮೇಲೆ ನಾಲ್ಕಾಣೆ ಕಾಯಿನ್ ಇಡುವವರು. ಹಳೆಯ ನಾಲ್ಕಾಣೆ ಹತ್ತಿರ ಹತ್ತಿರ ಎರಡೂವರೆ ಗ್ರಾಂ ತೂಗುತ್ತದೆ. ಎರಡು ಗ್ರಾಂ ಕೇಳುವ ಕಾರ್ಟ್ರಿಜ್ ಮೇಲೆ ಅದನ್ನಿಟ್ಟರೆ ಕಡ್ಡಿ ಒಳಕ್ಕೆ ಮಡಚಿಕೊಳ್ಳುತ್ತದೆ, ಕಾರ್ಟ್ರಿಜ್ಜಿನ ಹೊಟ್ಟೆ ಪ್ಲೇಟಿಗೆ ಉಜ್ಜುತ್ತದೆ. ಕೆಲವು ಮನೆಗಳಲ್ಲಿ ಅಪ್ಪ ಕಾಯಿನ್ ಇಡುತ್ತಾರೆ, ಮಗ ಭಾರ ಇಳಿಸುತ್ತಾನೆ. ಒಟ್ಟು ಲೆಕ್ಕ ಅಪ್ಪಿತಪ್ಪಿ ಸರಿಯಾದರೂ ಆಗಬಹುದು!

ಎಷ್ಟು ಭಾರ ಅಂತ ಕಾರ್ಟ್ರಿಜ್ ಮಾಡಿದವರೇ ಬರೆದಿರುತ್ತಾರೆ. ಆಡಿಯೋ-ಟೆಕ್ನಿಕಾದ ವಿಎಂ95ಇ 1.8ರಿಂದ 2.2 ಗ್ರಾಂ ಕೇಳುತ್ತದೆ. ಓರ್ಟೋಫೋನ್ 2ಎಂ ರೆಡ್‌ಗೆ 1.8. ಡೆನಾನ್ ಡಿಎಲ್-103ಕ್ಕೆ 2.5. ಕೊಟ್ಟಿರುವ ವ್ಯಾಪ್ತಿಯ ನಡುವೆ ಇಡಿ, ಅನುಮಾನ ಬಂದರೆ ಮೇಲಿನ ಅರ್ಧದಲ್ಲಿ ಇಡಿ.

"ನಾನು ಎರಡಕ್ಕೇ ಇಟ್ಟಿದ್ದೀನಿ" ಅನ್ನುತ್ತೀರಿ. ಯಾವುದು ಎರಡು? ತೋಳಿನ ಹಿಂತುದಿಯ ಗುಂಡಿನ ಮೇಲೆ ಬರೆದ ಎರಡಾ?

ಹೋದ ವರ್ಷ ನಮ್ಮ ಬೀದಿಯ ಅಂಕಲ್ ಒಬ್ಬರು ಇದೇ ದೂರು ಹೇಳಿ ಮನೆಗೆ ಕರೆದರು. ಹೊಸ ಕಾರ್ಟ್ರಿಜ್, ಗುಂಡಿನ ಡಯಲ್ ನೆಟ್ಟಗೆ 2ರ ಮೇಲೆ. ನಾನು ಚೀಲದಿಂದ ಪುಟ್ಟ ತಕ್ಕಡಿ ತೆಗೆದೆ. ಚಿನ್ನ ತೂಗುವವರು ಇಟ್ಟುಕೊಳ್ಳುವಂಥದ್ದು, 0.01 ಗ್ರಾಂವರೆಗೂ ತೋರಿಸುತ್ತದೆ. ಸೂಜಿಯನ್ನು ಅದರ ಮೇಲೆ ಇಳಿಸಿದೆ. 1.17.

"ನಾನು ಏನೂ ಮುಟ್ಟಿಲ್ಲ ಕಣಪ್ಪ" ಅಂದರು ಅಂಕಲ್. "ಹಳೇದಕ್ಕೆ ಇಟ್ಟಿದ್ದು ಹಂಗೇ ಇದೆ."

"ಅದೇ ಅಂಕಲ್ ತೊಂದರೆ."

ಹಳೆಯ ಕಾರ್ಟ್ರಿಜ್ ಇದಕ್ಕಿಂತ ತೂಕದ್ದು. ಹಗುರದ್ದು ಬಂದ ಮೇಲೆ ತೋಳಿನ ಮುಂಭಾಗ ಹಗುರಾಯಿತು, ಡಯಲ್ ಮಾತ್ರ ಹಳೆಯ ಕಥೆ ಹೇಳುತ್ತಲೇ ಇತ್ತು. ಡಯಲ್ ಸುಮ್ನೆ ಸುತ್ತುವ ಒಂದು ಉಂಗುರ, ಅದು ಯಾವುದನ್ನೂ ತೂಗುವುದಿಲ್ಲ. ಕಾರ್ಟ್ರಿಜ್ ಬದಲಾಯಿಸಿದಾಗಲೆಲ್ಲ ಆಂಟಿ-ಸ್ಕೇಟ್ (ತೋಳು ನಡುವಿಗೆ ಜಾರದ ಹಾಗೆ ಹೊರಕ್ಕೆ ಎಳೆಯುವ ವ್ಯವಸ್ಥೆ) ಸೊನ್ನೆಗೆ ಇಟ್ಟು, ತೋಳು ಗಾಳಿಯಲ್ಲಿ ಮಟ್ಟಸವಾಗಿ ತೇಲುವ ಹಾಗೆ ಗುಂಡು ತಿರುಗಿಸಿ, ಆಮೇಲೆ ಉಂಗುರವನ್ನು ಮಾತ್ರ ಸೊನ್ನೆಗೆ ತಂದು, ಅಲ್ಲಿಂದ ಎಣಿಸಬೇಕು. ಅಷ್ಟಾದರೂ ತಕ್ಕಡಿಯಲ್ಲಿ ಒಮ್ಮೆ ನೋಡಿ. ತಕ್ಕಡಿಯ ತಟ್ಟೆ ಪ್ಲೇಟಿನ ಎತ್ತರಕ್ಕೇ ಇರಲಿ. ತುಂಬಾ ಮೇಲಿದ್ದರೆ ಕೆಲವು ತೋಳುಗಳಲ್ಲಿ ಓದು ಬದಲಾಗುತ್ತದೆ. ತಟ್ಟೆ ಕಬ್ಬಿಣ, ಉಕ್ಕಿನದಾದರೆ ಬೇಡವೇ ಬೇಡ. ಕಾರ್ಟ್ರಿಜ್ಜಿನೊಳಗೆ ಅಯಸ್ಕಾಂತ ಇದೆ, ಅದು ತಟ್ಟೆಯನ್ನು ಎಳೆದು ಸುಳ್ಳು ತೂಕ ತೋರಿಸುತ್ತದೆ.

ಅಂಕಲ್ ಮನೆಯಲ್ಲಿ 2.0ಕ್ಕೆ ತಂದು ಅದೇ ಹಾಡು ಹಾಕಿದೆವು. ಮುಕ್ಕಾಲು ಪಾಲು ಸಿಡಿತ ಹೋಯಿತು. ಅಡುಗೆಮನೆಯಿಂದ ಆಂಟಿ, "ಈಗ ಪದ ಕೇಳಿಸ್ತಿದೆ ನೋಡಿ" ಅಂದರು. ಉಳಿದ ಕಾಲು ಭಾಗ ಕಾರ್ಟ್ರಿಜ್ ಕೂರಿಸಿದ ಜೋಡಣೆಯದು.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರಗಿನ ಗೆರೆ ನಡುವಿನಿಂದ 146 ಮಿ.ಮೀ. ದೂರ, ಅಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಗೆರೆ ಹಾದುಹೋಗುತ್ತದೆ. ಕೊನೆಯ ಹಾಡು 60 ಮಿ.ಮೀ. ಹತ್ತಿರ, ಅಲ್ಲಿ ಬರೀ 21 ಸೆಂ.ಮೀ. ಅಂದರೆ ಅದೇ 'ಶ'ವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆದಿದ್ದಾರೆ. ಹೊರಗೆ ನಡೆದುಹೋಗುವ ತಪ್ಪು ಒಳಗೆ ನಡೆಯುವುದಿಲ್ಲ.

ತಪ್ಪು ಎಲ್ಲಿಂದ ಬರುತ್ತದೆ ಅಂದರೆ, ಗೆರೆ ಕೊರೆದ ಯಂತ್ರದ ತಲೆ ಅಂಚಿನಿಂದ ನಡುವಿಗೆ ನೇರವಾಗಿ ಹೋಗಿತ್ತು. ನಿಮ್ಮ ತೋಳಿನ ಒಂದು ತುದಿ ಬಾಗಿಲಿನ ಹಾಗೆ ತಿರುಗಣಿಗೆ ಕಟ್ಟಿದೆ, ಅದು ಕಮಾನಿನಲ್ಲಿ ಹೋಗುತ್ತದೆ. ಎರಡೂ ಎಲ್ಲ ಕಡೆ ಹೊಂದುವುದು ಸಾಧ್ಯವೇ ಇಲ್ಲ. ಹೆಡ್‌ಶೆಲ್ ಸ್ವಲ್ಪ ಓರೆಯಾಗಿಟ್ಟು, ಸೂಜಿ ನಡುಗೂಟವನ್ನು ದಾಟಿ ಸ್ವಲ್ಪ ಮುಂದೆ ಚಾಚುವ ಹಾಗೆ ಮಾಡಿದರೆ ಎರಡು ಕಡೆ ಮಾತ್ರ ಸರಿಯಾಗಿ ಹೊಂದುತ್ತದೆ. ಬಹಳ ಜನ ಬಳಸುವ ಲೆಕ್ಕದಲ್ಲಿ ಆ ಎರಡು ಜಾಗ ನಡುವಿನಿಂದ 66 ಮತ್ತು 120.9 ಮಿ.ಮೀ. ಜೋಡಣೆ ನೋಡುವ ಪ್ರೊಟ್ರಾಕ್ಟರ್ ಹಾಳೆಯ ಮೇಲಿನ ಎರಡು ಚುಕ್ಕೆ ಅವೇ.

ಚುಕ್ಕೆಯ ಮೇಲೆ ಸೂಜಿ ಇಳಿಸಿ, ಮುಂದಿನಿಂದ ಬಗ್ಗಿ ನೋಡಿ. ಎಲ್ಲರೂ ಕಾರ್ಟ್ರಿಜ್ಜಿನ ಡಬ್ಬಿಯನ್ನು ಗೆರೆಗೆ ಹೊಂದಿಸುತ್ತಾರೆ. ಡಬ್ಬಿ ಹಾಡುವುದಿಲ್ಲ. ಹೊಂದಬೇಕಾದದ್ದು ಕ್ಯಾಂಟಿಲಿವರ್, ಅಂದರೆ ತುದಿಯಲ್ಲಿ ವಜ್ರ ಹೊತ್ತ ಆ ಸಣ್ಣ ಕಡ್ಡಿ. ಅಗ್ಗದ ಕಾರ್ಟ್ರಿಜ್‌ಗಳಲ್ಲಿ ಕಡ್ಡಿ ಡಬ್ಬಿಗೆ ಒಂಚೂರು ಸೊಟ್ಟಗೆ ಕೂತಿರುವುದು ಮಾಮೂಲು. ಭೂತಗನ್ನಡಿ ಹಿಡಿದು, ಮೊಬೈಲ್ ಟಾರ್ಚ್ ಪಕ್ಕದಿಂದ ಬಿಟ್ಟು ನೋಡಿದರೆ ಕಾಣುತ್ತದೆ. ಎರಡೂ ಚುಕ್ಕೆಯಲ್ಲಿ ಹೊಂದುವವರೆಗೆ ಸ್ಕ್ರೂ ಸಡಿಲಿಸಿ ಹಿಂದೆ ಮುಂದೆ ತಳ್ಳಿ. ಕಾರ್ಟ್ರಿಜ್ ಜರುಗಿದರೆ ಭಾರವೂ ಬದಲಾಗುತ್ತದೆ, ಆದ್ದರಿಂದ ತಕ್ಕಡಿ ಮತ್ತೊಮ್ಮೆ.

ಹಾಳೆಯ ಬಗ್ಗೆ ಒಂದು ಮಾತು, ಇದು ನಾನು ಸ್ವತಃ ಮಾಡಿಕೊಂಡ ಎಡವಟ್ಟು. ಮೊದಲ ಸಲ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಅಂಗಡಿಯ ಹುಡುಗ ಅಂಚು ಕಟ್ ಆಗದಿರಲಿ ಅಂತ ಪಾಪ ಸ್ವಲ್ಪ ಕುಗ್ಗಿಸಿ ಕೊಟ್ಟಿದ್ದ. ಎರಡು ಭಾನುವಾರ ತಲೆ ಕೆಡಿಸಿಕೊಂಡೆ. ಶೇಕಡಾ 3 ಕುಗ್ಗಿದರೆ 66 ಅನ್ನುವುದು 64 ಆಗುತ್ತದೆ, 120.9 ಅನ್ನುವುದು 117 ಚಿಲ್ಲರೆ. ಪ್ರಿಂಟ್ ಕೈಗೆ ಬಂದ ತಕ್ಷಣ ಸ್ಕೇಲ್ ಇಟ್ಟು ಅಳೆಯಿರಿ.

ಸಿಡಿತ ಒಂದೇ ಸ್ಪೀಕರಿನಲ್ಲಿ, ಅದೂ ಬಲಗಡೆಯದರಲ್ಲಿ ಮಾತ್ರ ಇದ್ದರೆ ಆಂಟಿ-ಸ್ಕೇಟ್ ಕಡಿಮೆ ಇರಬಹುದು. ಘರ್ಷಣೆ ತೋಳನ್ನು ನಡುವಿಗೆ ಎಳೆಯುತ್ತದೆ, ಬಲ ಚಾನೆಲ್ ಇರುವ ಹೊರಗೋಡೆಯ ಹಿಡಿತ ಸಡಿಲವಾಗುತ್ತದೆ. ಒಂಚೂರು ಏರಿಸಿ ನೋಡಿ. ಎಲ್ಲ ಮಾಡಿದ ಮೇಲೂ ಒಂದೇ ಪ್ಲೇಟ್ ಸಿಡಿಯುತ್ತಿದ್ದರೆ, ಬೇರೆಯವು ಸರಿ ಇದ್ದರೆ, ಆ ಪ್ಲೇಟನ್ನು ನಿಮಗಿಂತ ಮೊದಲೇ ಯಾರೋ ಕೆಡಿಸಿದ್ದಾರೆ. ಸಂಡೆ ಬಜಾರಿನ ಪ್ಲೇಟುಗಳಲ್ಲಿ ಇದು ಜಾಸ್ತಿ.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಎರಡು ಚುಕ್ಕೆ ಎಲ್ಲಿರಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. 66 ಮತ್ತು 120.9ರ ಲೆಕ್ಕ 1938ರಲ್ಲಿ ಲೋಫ್‌ಗ್ರೆನ್ ಅನ್ನುವವರು ಕೊಟ್ಟ ದಾರಿ, 1941ರಲ್ಲಿ ಬೇರ್ವಾಲ್ಡ್ ಅನ್ನುವವರು ಅದನ್ನೇ ತಲುಪಿದರು. ಇಡೀ ಎಲ್‌ಪಿಯಲ್ಲಿ ತೊಂದರೆಯನ್ನು ಸಮನಾಗಿ ಹಂಚುವುದು ಅದರ ಉದ್ದೇಶ. 1966ರಲ್ಲಿ ಸ್ಟೀವನ್‌ಸನ್ ಅನ್ನುವವರು ಬೇರೆ ಥರ ಯೋಚಿಸಿದರು. ಕಷ್ಟ ಇರುವುದು ಕೊನೆಯಲ್ಲಿ ತಾನೇ, ಒಂದು ಚುಕ್ಕೆಯನ್ನು ಕೊನೆಗೇ ಇಡೋಣ ಅಂತ 60.3ಕ್ಕೆ ಇಟ್ಟರು. ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ಲಿನ ತೋಳಿನ ಕಂಪನಿ ಅಳತೆ ಲೆಕ್ಕ ಹಾಕಿದರೆ ಅದರ ಒಳಗಿನ ಚುಕ್ಕೆ ಇನ್ನೂ ಒಳಗೆ, 58.8 ಹತ್ತಿರ ಬೀಳುತ್ತದೆ. "ಟೆಕ್ನಿಕ್ಸ್ ಅಳತೆ ತಪ್ಪು" ಅಂತ ವಾದ ಮಾಡುವವರಿಗೆ ಇಷ್ಟೇ ಹೇಳುವುದು: ತಪ್ಪಲ್ಲ, ಬೇರೆ.

ನಮಗೆ ಇದು ಯಾಕೆ ಮುಖ್ಯ ಅಂದರೆ, ಕನ್ನಡ ಸಿನಿಮಾ ಹಾಡು ಇಟ್ಟುಕೊಂಡವರ ಮನೆಯಲ್ಲಿ ಎಲ್‌ಪಿಗಿಂತ 7 ಇಂಚಿನ ಸಣ್ಣ ಪ್ಲೇಟುಗಳು, ಅಂದರೆ ಇಪಿಗಳೇ ಜಾಸ್ತಿ. ಇಪಿಯ ಗೆರೆಗಳು 84 ಮಿ.ಮೀ.ನಿಂದ ಶುರುವಾಗಿ ಸುಮಾರು 54ರವರೆಗೆ ಹೋಗುತ್ತವೆ. 120.9ರ ಚುಕ್ಕೆಗೆ ಅಲ್ಲಿ ಕೆಲಸವೇ ಇಲ್ಲ. ಬೇರ್ವಾಲ್ಡ್ ಜೋಡಣೆಯಲ್ಲಿ ಇಪಿಯ ಕೊನೆಗೆ ಕೋನದ ತಪ್ಪು ಸುಮಾರು 2 ಡಿಗ್ರಿ, ಸ್ಟೀವನ್‌ಸನ್‌ನಲ್ಲಿ ಅದರ ಅರ್ಧ. ಇಪಿಯ 45 ಸುತ್ತಿನ ವೇಗ ಸ್ವಲ್ಪ ಕಾಪಾಡುತ್ತದೆ ನಿಜ. ಆದರೂ ಇಪಿ ಮಾತ್ರ ಕೇಳುವವರು ಸ್ಟೀವನ್‌ಸನ್ ಹಾಳೆ ಹಾಕಿಕೊಳ್ಳುವುದೇ ವಾಸಿ.

ನಾನು ಎರಡು ಹೆಡ್‌ಶೆಲ್ ಇಟ್ಟಿದ್ದೇನೆ, ಒಂದು ಎಲ್‌ಪಿಗೆ, ಒಂದು ಇಪಿಗೆ. ಬದಲಾಯಿಸಿದಾಗಲೆಲ್ಲ ಭಾರ ತೂಗಿ ನೋಡುತ್ತೇನೆ. ಇಪಿಯದಕ್ಕೆ ಗುರುತಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ. ಬಾಟಲಿ ಹೆಂಡತಿಯದು, ಕೇಳಿಯೇ ತಗೊಂಡೆ ಅಂತ ಇಟ್ಟುಕೊಳ್ಳಿ.