ಹಳೆ ಲೈನ್ ಬಂದ್ ಮಾಡಿಸುವ ಅರ್ಜಿ ಕೊನೆಗೆ ಬರೆಯಿರಿ

ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯ ಮಾಲೀಕರೊಬ್ಬರು ಕಳೆದ ವರ್ಷ ಫೋನ್ ಮಾಡಿದರು. "ಸರ್, ಬಿಲ್ ಜಾಸ್ತಿ ಬರ್ತಿತ್ತು. ಅದಕ್ಕೆ ಹೋದ ವಾರ ಅಂಗಡಿ ಮೊಬೈಲ್ ಬಂದ್ ಮಾಡಿಸಿದೆ. ಈಗ ಅದೇ ನಂಬರನ್ನ ಬೇರೆ ಕಂಪನಿಗೆ ಹಾಕಿಸಿಕೊಡಿ" ಎಂದರು. ಆಗುವುದಿಲ್ಲ ಎಂದು ಹೇಳಲು ನನಗೆ ನಿಜಕ್ಕೂ ಸಂಕಟವಾಯಿತು. ಹದಿನಾರು ವರ್ಷ ಬೋರ್ಡಿನ ಮೇಲೆ, ಬಿಲ್ ಬುಕ್ಕಿನ ಮೇಲೆ, ಸುತ್ತಲಿನ ಮೇಸ್ತ್ರಿಗಳ ಫೋನಿನಲ್ಲಿ ಇದ್ದ ನಂಬರ್ ಅದು. ಹಳೆ ಕಂಪನಿಯ ಆಫೀಸಿಗೆ ಇಬ್ಬರೂ ಮೂರು ಸಲ ಅಲೆದೆವು. ಸಿಗಲಿಲ್ಲ.

ಅಂಗಡಿ, ಕ್ಲಿನಿಕ್, ಸಣ್ಣ ಆಫೀಸುಗಳಿಗೆ ಫೋನ್ ಲೈನ್ ಹಾಕಿಸಿಕೊಡುವುದು ನನ್ನ ಕೆಲಸ. ಕಂಪನಿ ಬದಲಿಸುವಾಗ ಜನ ಮಾಡುವ ತಪ್ಪು ಹೆಚ್ಚಾಗಿ ಇದೊಂದೇ. ಸಿಟ್ಟಿನಲ್ಲಿ ಮೊದಲು ಹಳೆಯದನ್ನು ಬಂದ್ ಮಾಡಿಸುತ್ತಾರೆ, ಆಮೇಲೆ ಹೊಸದನ್ನು ಹುಡುಕುತ್ತಾರೆ.

ಮೊಬೈಲ್ ನಂಬರಿಗೆ ಬಂದ್ ಮಾಡಿಸುವ ಅರ್ಜಿಯೇ ಬೇಕಿಲ್ಲ. ಪೋರ್ಟ್ ಆದ ಕ್ಷಣ, ಅಂದರೆ ಅದೇ ನಂಬರ್ ಹೊಸ ಕಂಪನಿಗೆ ಹೋದ ಕ್ಷಣ, ಹಳೆ ಕನೆಕ್ಷನ್ ತಾನಾಗಿ ನಿಲ್ಲುತ್ತದೆ. ಅದೇ ಸಿಮ್‌ನಿಂದ 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಬೇಕು. ಹೊಸ ಕಂಪನಿಗೆ ಕೊಡಬೇಕಾದ 8 ಅಕ್ಷರದ ಕೋಡ್ ಬರುತ್ತದೆ. ನಮ್ಮ ಕಡೆ ಅದಕ್ಕೆ 4 ದಿನ ಮಾತ್ರ ಆಯುಷ್ಯ. ಹಾಗಾಗಿ ಕಾಗದಪತ್ರ ಎಲ್ಲಾ ಕೈಯಲ್ಲಿ ಇಟ್ಟುಕೊಂಡೇ ಮೆಸೇಜ್ ಕಳಿಸಿ. ನಂಬರ್ ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಸಿಮ್ ಕಳೆದೋ ಕೆಟ್ಟೋ ಹೋಗಿ ಹೊಸದು ತಗೊಂಡಿದ್ದರೆ 7 ದಿನ ಕಾಯಬೇಕು. ನಿಮ್ಮ ಹೆಸರಲ್ಲಿ ಬೇರೆಯವರು ಸಿಮ್ ಪಡೆದು ನಂಬರನ್ನೇ ಹೊತ್ತೊಯ್ಯದಿರಲಿ ಎಂದು 2024ರ ಜುಲೈ 1ರಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಈ ನಿಯಮ ತಂದಿದೆ.

ನಂಬರುಗಳು ಸಂಸ್ಥೆಯ ಹೆಸರಲ್ಲಿದ್ದರೆ ಲೆಟರ್‌ಹೆಡ್ ಮೇಲೆ ಅಧಿಕಾರ ಪತ್ರ ಬೇಕು. ಸಹಿ ಹಾಕುವ ಅಧಿಕಾರ ಇರುವವರೇ ಸಹಿ ಮಾಡಿ ಸೀಲ್ ಒತ್ತಬೇಕು. ಒಂದೇ ಪತ್ರದಲ್ಲಿ 100 ನಂಬರುಗಳ ತನಕ ಸೇರಿಸಬಹುದು. ಒಬ್ಬರದೇ ಹೆಸರಿನ ನಂಬರ್ ಅದೇ ಸರ್ಕಲ್‌ನಲ್ಲಿ (ನಮಗೆ ಕರ್ನಾಟಕವೇ ಒಂದು ಸರ್ಕಲ್) 3 ಕೆಲಸದ ದಿನಗಳಲ್ಲಿ ಬದಲಾಗುತ್ತದೆ. ಸಂಸ್ಥೆಯದಕ್ಕೆ 5 ದಿನ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಂಬರ್ ಯಾರ ಹೆಸರಲ್ಲಿದೆ? ಎಷ್ಟೋ ಅಂಗಡಿಗಳಲ್ಲಿ ಆರ್ಡರ್ ತಗೊಳ್ಳುವ ನಂಬರ್ ಹಳೆ ಸೇಲ್ಸ್ ಹುಡುಗನ ಆಧಾರ್ ಮೇಲಿರುತ್ತದೆ. ಆಗ ಅರ್ಜೆಂಟಿತ್ತು, ಸುಮ್ನೆ ಅವನೇ ತಂದುಕೊಟ್ಟ, ಅಷ್ಟೇ. ಹತ್ತು ವರ್ಷ ರೀಚಾರ್ಜ್ ಮಾಡಿದ್ದು ನೀವೇ ಆದರೂ ಕಂಪನಿಯ ದಾಖಲೆಯಲ್ಲಿ ಗ್ರಾಹಕ ಅವನು. ಪೋರ್ಟ್ ಮಾಡಲು ಅವನ ಗುರುತಿನ ಚೀಟಿ, ಅವನ ಫೋಟೊ ಬೇಕು. ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದರೆ? ಅವನು ಜೊತೆಯಲ್ಲಿ ಇರುವಾಗಲೇ ಕರೆದುಕೊಂಡು ಹೋಗಿ ಹೆಸರು ಬದಲಿಸಿಕೊಳ್ಳಿ. ಅದು ಪೂರ್ತಿ ಮುಗಿದ ಮೇಲೆ ಪೋರ್ಟ್‌ಗೆ ಕೈ ಹಾಕಿ. ಹೆಸರು ಬದಲಾವಣೆ ಅರ್ಧದಲ್ಲಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಬಿಲ್ ಬಾಕಿ ಇದ್ದರೂ, ಕರಾರಿನ ಷರತ್ತು ಮುಗಿಯದೆ ಇದ್ದರೂ ಅದೇ ಕಥೆ.

ಪೋರ್ಟ್ ಮಾಡಿಸುವ ದಿನ ನೋಡಿಕೊಳ್ಳಿ. ಜಿಎಸ್‌ಟಿ ರಿಟರ್ನ್ ಒಟಿಪಿ ಆ ನಂಬರಿಗೆ ಬರುತ್ತದೆ ಅಲ್ವಾ? ಪ್ರತಿ ತಿಂಗಳು ರಿಟರ್ನ್ ಹಾಕುವವರು 11 ಮತ್ತು 20ನೇ ತಾರೀಖಿನ ಆಸುಪಾಸು ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ. ಸಿಮ್ ಬದಲಾದ ಮೇಲೆ ಯುಪಿಐ ಆ್ಯಪ್ ಮತ್ತೊಮ್ಮೆ ನಂಬರ್ ಪರಿಶೀಲಿಸುತ್ತದೆ. ಹಬ್ಬದ ವ್ಯಾಪಾರದ ನಡುವೆ ಆ ತಾಪತ್ರಯ ಯಾರಿಗೂ ಬೇಡ.

ಪೋಸ್ಟ್‌ಪೇಯ್ಡ್ ನಂಬರಾದರೆ ಪೋರ್ಟ್ ಆದ ಮೇಲೂ ಹಳೆ ಕಂಪನಿಯ ಕೊನೆ ಬಿಲ್ ಒಂದು ಬರುತ್ತದೆ. "ಅವರ ಸಹವಾಸ ಮುಗೀತು" ಎಂದು ಅದನ್ನು ಪಕ್ಕಕ್ಕೆ ಎಸೆಯಬೇಡಿ. ಕಟ್ಟದಿದ್ದರೆ ಹೊಸ ಕಂಪನಿಯಲ್ಲಿ ನಡೆಯುತ್ತಿರುವ ನಿಮ್ಮ ನಂಬರನ್ನೇ ನಿಲ್ಲಿಸಲು ಹಳೆಯವರು ಕೇಳಬಹುದು. ಬಿಲ್ಲಿನಲ್ಲಿ ತಪ್ಪಿದ್ದರೆ ಹಳೆ ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ತಗೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಅದಕ್ಕೆ ದುಡ್ಡು ಕಟ್ಟಬೇಕಿಲ್ಲ.

ಲ್ಯಾಂಡ್‌ಲೈನ್ ಲೆಕ್ಕವೇ ಬೇರೆ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ಹರಿಯಾಣದಲ್ಲಿ 2010ರ ನವೆಂಬರ್ 25ರಂದು ಶುರುವಾಯಿತು. 2011ರ ಜನವರಿ 20ರಂದು ಇಡೀ ದೇಶಕ್ಕೆ ಬಂತು. ಆದರೆ ಅದು ಮೊಬೈಲಿಗೆ ಮಾತ್ರ. ಹುಬ್ಬಳ್ಳಿ-ಧಾರವಾಡದ 0836 ಕೋಡಿನ ನಿಮ್ಮ ಹಳೆ ಲ್ಯಾಂಡ್‌ಲೈನ್ ನಂಬರ್ ಹೊಸ ಫೈಬರ್ ಕಂಪನಿಗೆ ಬರುವುದಿಲ್ಲ. ಬರುತ್ತದೆ ಎಂದು ಬಾಗಿಲಿಗೆ ಬಂದ ಏಜೆಂಟ್ ಹೇಳಿದರೆ ಬರೆದುಕೊಡಲು ಕೇಳಿ.

ಹುಬ್ಬಳ್ಳಿಯ ಒಂದು ಕ್ಲಿನಿಕ್‌ನಲ್ಲಿ ನಾವು ಹೀಗೆ ಮಾಡಿದೆವು. ಹೊಸ ಲೈನನ್ನು ಇಂಟರ್‌ಕಾಮ್ ಡಬ್ಬಿಯಲ್ಲಿ ವೈರ್ ಸಿಕ್ಕಿಸುವ ಖಾಲಿ ಕಿಂಡಿಗೆ ಕೊಟ್ಟೆವು. ಹಳೆ ಲೈನ್ ಇದ್ದಲ್ಲೇ ಇತ್ತು. ಯಾವ ನಂಬರಿಗೆ ಕರೆ ಬಂದರೂ ಕೌಂಟರಿನ ಅದೇ ಫೋನ್ ರಿಂಗ್ ಆಗುತ್ತಿತ್ತು. ಕೌಂಟರಿನ ಅಕ್ಕನವರಿಗೆ ಒಂದು ನೋಟ್‌ಬುಕ್ ಕೊಟ್ಟೆ. ಹಳೆ ಲೈನಿಗೆ ಕರೆ ಬಂದಾಗಲೆಲ್ಲ ಒಂದು ಗೀಟು ಹಾಕಿ, ಕರೆದವರಿಗೆ ಹೊಸ ನಂಬರ್ ಬರೆಸಿ ಎಂದೆ. ಮೊದಲ ವಾರ ಪುಟ ತುಂಬ ಗೀಟು. ಎರಡನೇ ತಿಂಗಳಿಗೆ ದಿನಕ್ಕೆ ಮೂರೋ ನಾಲ್ಕೋ. ಹೆಚ್ಚಿನವರು ವಯಸ್ಸಾದ ರೋಗಿಗಳು. ಹಳೆ ಔಷಧಿ ಚೀಟಿ ನೋಡಿಕೊಂಡು ಕರೆಯುವವರು. ಅವರಿಗೋಸ್ಕರ ಇನ್ನೊಂದು ತಿಂಗಳು ಬಾಡಿಗೆ ಕಟ್ಟಿ ಎಂದು ಡಾಕ್ಟರಿಗೆ ಹೇಳಿದೆ. ಅವರು ಮರುಮಾತಾಡದೆ ಒಪ್ಪಿದರು.

ಅಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಅವರ ವಾಟ್ಸ್ಆ್ಯಪ್ ಬಿಸಿನೆಸ್ ಖಾತೆ ಲ್ಯಾಂಡ್‌ಲೈನ್ ನಂಬರಿನ ಮೇಲಿತ್ತು. ಹೊಸ ಫೋನಿನಲ್ಲಿ ಆ ಖಾತೆ ತೆರೆಯಲು ಕೋಡ್ ಆ ಲೈನಿಗೇ ಕರೆಯಾಗಿ ಬರುತ್ತದೆ. ಲೈನ್ ಹೋದರೆ ಖಾತೆಯೂ ಕೈ ತಪ್ಪಬಹುದು. ಲೈನ್ ಜೀವಂತ ಇರುವಾಗಲೇ ಖಾತೆಯ ನಂಬರ್ ಬದಲಿಸಿದೆವು. ಬ್ಯಾಂಕ್, ಜಿಎಸ್‌ಟಿ ದಾಖಲೆಯಲ್ಲಿರುವ ಮೊಬೈಲಿಗೂ ಈ ಎಚ್ಚರ ಬೇಕು. ಬಂದ್ ಆದ ಮೊಬೈಲ್ ನಂಬರ್ 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಸಿಗಬಹುದು. ನಿಮ್ಮ ಒಟಿಪಿ ಅವರ ಕೈಗೆ ಹೋಗುತ್ತದೆ. ದಾವಣಗೆರೆಯ ಮಾಲೀಕರನ್ನು ಅವತ್ತೇ ಬ್ಯಾಂಕಿಗೆ ಕಳಿಸಿದ್ದು ಇದಕ್ಕೇ.

ಕ್ಲಿನಿಕ್‌ನ ನೋಟ್‌ಬುಕ್ಕಿನಲ್ಲಿ ಸತತ ಎರಡು ವಾರ ಒಂದೂ ಗೀಟು ಬೀಳಲಿಲ್ಲ. ಆಗ ಅರ್ಜಿ ಬರೆದೆವು. ಯಾವ ದಿನದಿಂದ ಬೇಡ, ಡಿಪಾಸಿಟ್ ಯಾವ ಖಾತೆಗೆ ಹಾಕಬೇಕು ಎಂದು ಅದರಲ್ಲೇ ಕಾಣಿಸಿದೆವು. ನಕಲಿನ ಮೇಲೆ ಸೀಲ್, ತಾರೀಖು ಹಾಕಿಸಿಕೊಂಡೆವು. ಮೋಡೆಮ್ ವಾಪಸ್ ಕೊಟ್ಟು, ಅದರ ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ ಪಡೆದೆವು. ಆಟೊ ಡೆಬಿಟ್ ನಿಲ್ಲಿಸಿದ್ದು ಕೊನೆ ಬಿಲ್ ಕಟ್ಟಿದ ಮೇಲೆ. ರಸೀದಿಯನ್ನು ಆ ನೋಟ್‌ಬುಕ್ಕಿನ ಕೊನೆ ಪುಟಕ್ಕೆ ಪಿನ್ ಮಾಡಿಟ್ಟಿದ್ದಾರೆ.